ಘಜಾಲಿಯವರ ದಾನವಿಚಾರ

ಕ್ರಿ. ಶ. ೧೧೧೧ರಲ್ಲಿ ನಿಧನರಾದ ಇಮಾಮ್ ಘಜಾಲಿಯವರ ‘ಇಹ್ಯಾ ಉಲೂಮುದ್ದೀನ್’ ೪೦ ಪ್ರಕರಣಗಳ ಮಹಾಗ್ರಂಥ. ಅದರ ಐದನೆಯ ಪ್ರಕರಣವು ಜಕಾತನ್ನು ಕುರಿತದ್ದು. ೨೦೦ ದಿರ್ಹಮ್ ಬೆಳ್ಳಿಯು ಒಂದು ವರ್ಷ ಕೈಯಲ್ಲಿದ್ದರೆ ೫ ದಿರ್ಹಮ್ ಸಲ್ಲಿಸಬೇಕೆಂಬಂಥ ವಿಧಿಗಳನ್ನು ಹೇಳಿ ಗ್ರಂಥಕಾರರು ಅಲ್ಲಿಗೇ ನಿಲ್ಲುವುದಿಲ್ಲ. ಕೊಡುವವನ ಅಂತಃಕರಣವನ್ನೇ ಪರೀಕ್ಷೆಗೆ ಒಡ್ಡುತ್ತಾರೆ.

ದಾನದಲ್ಲಿ ವಿಳಂಬ ಸಲ್ಲದು; ಗುಪ್ತವಾಗಿ ಕೊಡುವುದು ಲೇಸು; ಇತರರಿಗೆ ಪ್ರೇರಣೆಯಾಗುವುದಾದರೆ ಬಹಿರಂಗ ದಾನವೂ ಸಲ್ಲುತ್ತದೆ; ಉತ್ತಮವಾದುದನ್ನೇ ಆರಿಸಿ ಕೊಟ್ಟು, ಕೊಟ್ಟುದನ್ನು ಅಲ್ಪವೆಂದೆಣಿಸಬೇಕು. ಉಪಕಾರವನ್ನು ಎತ್ತಿ ಆಡಿ ನೋಯಿಸಬಾರದೆಂಬ ನಿಯಮಕ್ಕಂತೂ ಕುರಾನಿನ ಎರಡನೆಯ ಅಧ್ಯಾಯವೇ ಆಧಾರ. ಘಜಾಲಿಯವರು ಇಲ್ಲಿ ದಾನಿ-ಪ್ರತಿಗ್ರಾಹಿಗಳ ಸಂಬಂಧವನ್ನೇ ತಿರುಗಿಸಿದ್ದಾರೆ: ದಾನವನ್ನು ಸ್ವೀಕರಿಸಿ ಧನಿಕನನ್ನು ಶುದ್ಧಗೊಳಿಸುವ ಬಡವನೇ ನಿಜವಾದ ಉಪಕಾರಿ. ಇದನ್ನು ಒಪ್ಪಿದ ಮೇಲೆ ದಾನಿಯ ಹಮ್ಮಿಗೆ ನೆಲೆಯಿಲ್ಲ.

ಆದರೆ ಪಾತ್ರಾಪಾತ್ರ ವಿವೇಚನೆಯಲ್ಲಿ ನಮಗೊಂದು ಆಕ್ಷೇಪಣೆಯುಂಟು. ಕುರಾನಿನ ಒಂಬತ್ತನೆಯ ಅಧ್ಯಾಯವು ಎಣಿಸುವ ಎಂಟು ವರ್ಗಗಳಲ್ಲಿ ಬಡವರೂ ನಿರ್ಗತಿಕರೂ ಮೊದಲಿಗರು. ಘಜಾಲಿಯವರು ಈ ವರ್ಗಗಳನ್ನು ಒಪ್ಪಿಯೂ, ಅವುಗಳೊಳಗೆ ಆರಿಸುವಾಗ ವಿರಕ್ತರನ್ನೂ ವಿದ್ವಾಂಸರನ್ನೂ ಮೊದಲು ಹೇಳುತ್ತಾರೆ. ಕುಟುಂಬಭಾರದಿಂದಲೋ ರೋಗದಿಂದಲೋ ನಲುಗಿದವನ ಸರದಿ ಐದನೆಯದು. ಗುಣವಂತನನ್ನು ಅರಸಹೊರಟ ದಾನಿ ಮತ್ತೆ ತೀರ್ಪುಗಾರನಾಗುತ್ತಾನೆ. ಹೊರಗಟ್ಟಿದ ಹಮ್ಮು ಹಿತ್ತಲ ಬಾಗಿಲಿನಿಂದ ಒಳಸೇರುತ್ತದೆ. ಹಸಿವಿಗೆ ಗುಣಪರೀಕ್ಷೆ ಏತಕ್ಕೆ?

ಮಾನಕ್ಕಂಜಿ ಬಡತನವನ್ನು ಮುಚ್ಚಿಕೊಂಡವನನ್ನು ಹುಡುಕಿ ಕೊಡಬೇಕೆಂದು ಅವರೇ ಸೂಚಿಸಿರುವುದು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತದೆ. ಕೇಳಲಾರದವನ ಬಳಿಗೆ ಕೊಡುವವನೇ ನಡೆದುಹೋಗಬೇಕೆಂಬ ಈ ಭಾವವೇ ಪ್ರಕರಣದ ಸಾರವೆಂದು ನಾವು ಎಣಿಸುತ್ತೇವೆ.