ತುಕ್ಕು ಹಿಡಿಯುವ ಬ್ಲೇಡಿನ ಪರವಾಗಿ

ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುವವರು ಮಚ್ಚು ತುಕ್ಕು ಹಿಡಿಯಿತೆಂದು ಗೊಣಗುವುದಿಲ್ಲ, ಮೊಂಡಾದರೆ ಗೊಣಗುತ್ತಾರೆ. ಆಪರೇಷನ್ ಥಿಯೇಟರಿನ ಬ್ಲೇಡಿನ ಮಾತು ಬಂದಾಗ ಮಾತ್ರ ಈ ವಿವೇಕ ತಿರುಗುಮುರುಗಾಗಿ, ಹೊಳೆಯುವ ಸ್ಟೇನ್‌ಲೆಸ್ ಸ್ಟೀಲೇ ಮೇಲೆಂದು ತೋರತೊಡಗುತ್ತದೆ. ಮಾರ್ಗನ್ ಪಾರ್ಕರ್ 1915ರಲ್ಲಿ ಹಿಡಿ ಬೇರೆ, ಬ್ಲೇಡು ಬೇರೆಯಾದ ಚಾಕುವಿಗೆ ಪೇಟೆಂಟ್ ಪಡೆದ ಮೇಲೆ ಸಾಣೆ ಹಿಡಿಯುವ ಕೆಲಸವೇ ಕ್ರಮೇಣ ಹೋಯಿತು. ಇವತ್ತು ಬ್ಲೇಡು ಒಬ್ಬ ರೋಗಿಗೆ ಬಳಕೆಯಾಗಿ ಡಬ್ಬಿಗೆ ಬೀಳುತ್ತದೆ. ಒಂದೇ ಗಂಟೆಯ ಆಯುಷ್ಯದ ವಸ್ತುವಿಗೆ ತುಕ್ಕು ಹಿಡಿಯದ ಗುಣ ಎಷ್ಟರಮಟ್ಟಿನದು? ಸ್ಟೇನ್‌ಲೆಸ್‌ಗೆ ಆ ಗುಣ ಕೊಡುವ ಸುಮಾರು ಶೇ. 13ರಷ್ಟು ಕ್ರೋಮಿಯಂ, ಉಕ್ಕಿನೊಳಗೆ ಒರಟು ಕಾರ್ಬೈಡ್ ಕಣಗಳನ್ನೂ ಕಟ್ಟುತ್ತದೆ, ಅಂಚಿನ ನಯ ಅಷ್ಟು ಕೆಡುತ್ತದೆ. ಕಾರ್ಬನ್ ಸ್ಟೀಲಿಗೆ ಆ ತೊಡಕಿಲ್ಲ. ದಕ್ಷಿಣ ಭಾರತದ ಕುಲುಮೆಗಳ, ಮೈಸೂರು ಸೀಮೆಯದೂ ಸೇರಿ, ಅಧಿಕ ಇಂಗಾಲದ 'ವೂಟ್ಸ್' ಉಕ್ಕನ್ನು ಲಂಡನ್ನಿನ ಶಸ್ತ್ರೋಪಕರಣ ತಯಾರಕ ಜೇಮ್ಸ್ ಸ್ಟೋಡಾರ್ಟ್ ಸೂಕ್ಷ್ಮ ಅಂಚಿಗಾಗಿಯೇ ಮೆಚ್ಚಿದ್ದ. 1820ರಲ್ಲಿ ಫ್ಯಾರಡೆ ಜೊತೆ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಬಂಧವನ್ನೂ ಬರೆದ.

ನಾಲೆ ನೀರಿನ ಸೀಮೆ, ಗಾಳಿಯಲ್ಲೇ ತೇವ. ಮದ್ದೂರು, ಮಳವಳ್ಳಿಯ ಉಗ್ರಾಣದಲ್ಲಿ ಕಾರ್ಬನ್ ಬ್ಲೇಡು ಉಳಿದೀತೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ತುಕ್ಕು ತಡೆಯುವ ಹೊದಿಕೆಯೊಳಗೆ ಸೀಲಾಗಿ, ಗಾಮಾ ಕಿರಣದಿಂದ ಶುದ್ಧಿಯಾಗಿ ಬರುವ ಬ್ಲೇಡಿಗೆ ಪೊಟ್ಟಣ ಹರಿಯುವವರೆಗೆ ಹೊರಗಿನ ತೇವ ತಾಕುವುದಿಲ್ಲ. ಬಿಚ್ಚಿದ ಬ್ಲೇಡನ್ನು ಆಟೋಕ್ಲೇವ್ ಮಾಡಿ ಮತ್ತೆ ಬಳಸಬೇಕೆನ್ನುವವರಿಗೆ ಸ್ಟೇನ್‌ಲೆಸ್ಸೇ ಅನುಕೂಲ, ನಿಜ. ಒಮ್ಮೆ ಬಳಸಲೆಂದೇ ಮಾಡಿದ ಬ್ಲೇಡಿನ ಮಟ್ಟಿಗೆ ಆ ಅಭ್ಯಾಸವೇ ತಪ್ಪು, ಲೋಹ ಯಾವುದಾದರೂ. ಅಂಚಿನ ಈ ವ್ಯತ್ಯಾಸ ರೋಗಿಗೆ ತಿಳಿಯುವುದಿಲ್ಲ ಎಂಬ ಮಾತೂ ಇದೆ. ಗಾಯ ಬೇಗ ಮಾಯುತ್ತದೆ ಎನ್ನುವಷ್ಟು ದೂರ ನಾನೂ ಹೋಗಲಾರೆ. ವೈದ್ಯರ ಕೈಗೆ ತಿಳಿಯುವುದಂತೂ ಹೌದು: ಅಂಚು ಮೊಂಡಾದಷ್ಟೂ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದಷ್ಟೂ ಹಿಡಿತ ತಪ್ಪುತ್ತದೆ. ಸಿಸೇರಿಯನ್ನಿನಲ್ಲಿ ಚರ್ಮ ಸೀಳುವ 22ನೇ ನಂಬರಿಗೂ, ಕೀವುಗುಳ್ಳೆ ಒಡೆಯುವ ಮೊನಚಾದ 11ಕ್ಕೂ ಇದು ಸಲ್ಲುತ್ತದೆ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ನನ್ನ ವಾದ ಸೋಲುತ್ತದೆ. ಅಲ್ಲಿನ ಕ್ರೆಸೆಂಟ್, ಕೆರಟೋಮ್ ಬ್ಲೇಡುಗಳು ದ್ರವದಲ್ಲೇ ಕೆಲಸ ಮಾಡುತ್ತವೆ, ಅಂಚಿನ ಮೇಲೆ ತುಕ್ಕಿನ ಕಣವೊಂದೂ ಇರಕೂಡದು. ಅಲ್ಲಿ ಸ್ಟೇನ್‌ಲೆಸ್ಸೇ ಸರಿ. ವಜ್ರದ ಚಾಕು ಇನ್ನೂ ಹರಿತ, ಆದರೆ ಒಮ್ಮೆ ತಾಗಿದರೆ ಚಕ್ಕೆ ಏಳುತ್ತದೆ. ದಿನವಿಡೀ ಸಾಲಾಗಿ ಪೊರೆ ತೆಗೆಯುವ ಶಿಬಿರಕ್ಕೆ ಅದು ಹೊಂದದು. ಅಬ್ಸಿಡಿಯನ್ ಗಾಜಿನ ಅಂಚಂತೂ ಎಲ್ಲವನ್ನೂ ಮೀರಿಸುತ್ತದೆ, ಸ್ವಲ್ಪ ಓರೆಯಾಗಿ ಒತ್ತಿದರೂ ಚೂರು ಮೈಯೊಳಗೆ ಉಳಿಯುವ ಭಯ. ಹಾಗಾಗಿ ಖರೀದಿ ಪಟ್ಟಿಯಲ್ಲಿ ಬ್ಲೇಡಿನ ನಂಬರಿನ ಎದುರು ಲೋಹದ ಹೆಸರೂ ಇರಬೇಕು: ಚರ್ಮಕ್ಕೆ ಕಾರ್ಬನ್, ಕಣ್ಣಿಗೆ ಸ್ಟೇನ್‌ಲೆಸ್.