ಬ್ರಿಕ್ ಲೇನ್: ಒಂದು ಬೀದಿಯ ಹಲವು ಮುಖಗಳು

ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಬೀದಿಯಲ್ಲಿ ಒಂದು ಪ್ರಾರ್ಥನಾ ಮಂದಿರವಿದೆ. ಫ್ರಾನ್ಸಿನಿಂದ ಆಶ್ರಯ ಅರಸಿ ಬಂದ ಪ್ರಾಟೆಸ್ಟಂಟರು ಅದನ್ನು 1743ರಲ್ಲಿ ಕಟ್ಟಿದರು. 1898ರಲ್ಲಿ ಅದು ಯೆಹೂದ್ಯರ ಮಂದಿರವಾಯಿತು. 1976ರಿಂದ ಬಾಂಗ್ಲಾದೇಶೀಯರ ಮಸೀದಿಯಾಗಿದೆ. ಈ ಬೀದಿಯ ಹೆಸರನ್ನೇ ಹೊತ್ತ ಮೋನಿಕಾ ಅಲಿಯವರ ಇಂಗ್ಲಿಷ್ ಕಾದಂಬರಿ 2003ರಲ್ಲಿ ಪ್ರಕಟವಾಗಿ, ಆ ವರ್ಷದ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯನ್ನು ಸೇರಿತು.

2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 39 ಲಕ್ಷ, ಅಂದರೆ ಶೇಕಡಾ 6.5ರಷ್ಟು ಮುಸ್ಲಿಮರಿದ್ದಾರೆ. ಇಷ್ಟು ಜನರನ್ನು ಒಂದೇ ಮನಸ್ಸಿನವರೆಂದು ಭಾವಿಸುವ ಅಭ್ಯಾಸವನ್ನು ಈ ಕೃತಿ ಒಂದೇ ಮನೆಯ ಕಥೆಯಿಂದ ಅಲುಗಾಡಿಸುತ್ತದೆ. ಮೈಮನ್‌ಸಿಂಗ್‌ನ ಹಳ್ಳಿಯಿಂದ ಮದುವೆಯಾಗಿ ಬಂದ ನಜ್ನೀನ್ ಮನೆಯಲ್ಲಿಯೇ ಬಟ್ಟೆ ಹೊಲಿದು ಸಂಪಾದಿಸಲು ಕಲಿಯುತ್ತಾಳೆ. ಪ್ರಮಾಣಪತ್ರಗಳನ್ನೇ ನಂಬಿದ ಪತಿ ಚಾನು ಊರಿಗೆ ಮರಳುವ ಕನಸಿನಲ್ಲಿದ್ದಾನೆ. ಇಂಗ್ಲೆಂಡಿನಲ್ಲಿಯೇ ಹುಟ್ಟಿದ ಕರೀಮ್ ಧರ್ಮದ ಹೆಸರಿನಲ್ಲಿ ಯುವಕರ ಸಂಘವನ್ನು ಕಟ್ಟುತ್ತಾನೆ. ಮೂವರೂ ಮುಸ್ಲಿಮರೇ, ಮೂವರ ದಾರಿಯೂ ಬೇರೆ.

ನೀತಿಯ ದೃಷ್ಟಿಯಿಂದ ಗಮನಾರ್ಹವಾದ ಪಾತ್ರ ಶ್ರೀಮತಿ ಇಸ್ಲಾಂ. ಬಡ್ಡಿಯನ್ನು ನಿಷೇಧಿಸಿದ ಧರ್ಮದವಳಾಗಿ, ತನ್ನವರ ಸಂಕಟದ ಮೇಲೆಯೇ ಬಡ್ಡಿ ಎಣಿಸುವ ಹೆಂಗಸು ಆಕೆ. ಇದು ಬಡ್ಡಿಯಲ್ಲವೆಂದು ಕುರಾನಿನ ಮೇಲೆ ಆಣೆ ಇಡುವಂತೆ ನಜ್ನೀನ್ ಕೇಳಿದಾಗ ಅವಳಿಂದ ಅದು ಸಾಧ್ಯವಾಗುವುದಿಲ್ಲ. ಶೋಷಿಸುವವಳೂ ಅದೇ ಧರ್ಮದವಳು, ಅದೇ ಧರ್ಮವನ್ನು ಆಧಾರವಾಗಿ ಹಿಡಿದು ಎದುರು ನಿಲ್ಲುವವಳೂ ಅದೇ ಸಮಾಜದವಳು. ಇಡೀ ಕೃತಿಯಲ್ಲಿ ಇದಕ್ಕಿಂತ ಸತ್ಯವಾದ ಘಟ್ಟ ವಿರಳ.

ಆದರೂ ಒಂದು ಕೊರತೆ ಉಳಿಯುತ್ತದೆ. ಆ ಪ್ರದೇಶದ ಬಾಂಗ್ಲಾದೇಶೀಯರಲ್ಲಿ ಬಹುಪಾಲು ಜನ ಸಿಲ್ಹೆಟ್ ಸೀಮೆಯವರು. ಅವರ ಹಿರಿಯರಲ್ಲಿ ಹಲವರು ಹಡಗುಗಳಲ್ಲಿ ದುಡಿದು ಅಲ್ಲಿಗೆ ತಲುಪಿದವರು. ವಿದ್ಯಾವಂತನೆಂಬ ಹಮ್ಮಿನ ಚಾನು ಅವರನ್ನು ಹಳ್ಳಿಗರೆಂದು ಹೀಯಾಳಿಸುತ್ತಾನೆ. ಹೀಯಾಳಿಕೆ ಪಾತ್ರದ್ದು, ಲೇಖಕಿಯದಲ್ಲ ಎಂಬ ಸಮಾಧಾನ ಸರಿಯೇ. ಆದರೆ ನಜ್ನೀನಳ ಅಂತರಂಗವನ್ನು ಹೊಕ್ಕಷ್ಟು ಆಳವಾಗಿ ಕಾದಂಬರಿ ಒಂದು ಸಿಲ್ಹೆಟಿ ಕುಟುಂಬದೊಳಕ್ಕೆ ಹೊಗುವುದಿಲ್ಲ. ಬೀದಿಯ ಹೆಸರನ್ನು ಪಡೆದ ಕೃತಿ ಆ ಬೀದಿಯವರ ಮಾತನ್ನೂ ಆಲಿಸಬೇಕಿತ್ತು.

2006ರಲ್ಲಿ ಚಲನಚಿತ್ರದ ಚಿತ್ರೀಕರಣಕ್ಕೆ ಸ್ಥಳೀಯರಲ್ಲಿ ಕೆಲವರು ಅಡ್ಡಿಪಡಿಸಿದುದರಿಂದ, ಅದನ್ನು ಬ್ರಿಕ್ ಲೇನಿನಿಂದ ಬೇರೆಡೆಗೆ ಒಯ್ಯಬೇಕಾಯಿತು. ಅವರ ನೋವು ನಿಜ, ಹಿಡಿದ ಮಾರ್ಗ ಮಾತ್ರ ತಪ್ಪು. ಅದೇ ಸಮಾಜದ ಅನೇಕರು ಈ ವಿರೋಧವನ್ನು ಒಪ್ಪಲಿಲ್ಲವೆಂಬುದನ್ನೂ ಮರೆಯಲಾಗದು. ಇಡೀ ಸಮುದಾಯದ ಹೆಸರಿನಲ್ಲಿ ಮಾತನಾಡುವ ಹಕ್ಕು ಲೇಖಕಿಗೂ ಇಲ್ಲ, ಮುಖಂಡರಿಗೂ ಇಲ್ಲ.

ಕೊನೆಯಲ್ಲಿ ಚಾನು ಒಬ್ಬನೇ ಢಾಕಾಕ್ಕೆ ಮರಳುತ್ತಾನೆ. ಕರೀಮನನ್ನೂ ನಿರಾಕರಿಸಿದ ನಜ್ನೀನ್, ಗೆಳತಿ ರಜಿಯಾಳೊಡನೆ ಹೊಲಿಗೆಯ ಉದ್ಯೋಗ ನಡೆಸುತ್ತ ಹೆಣ್ಣುಮಕ್ಕಳೊಂದಿಗೆ ಲಂಡನ್ನಿನಲ್ಲಿಯೇ ನಿಲ್ಲುತ್ತಾಳೆ. ಅವಳು ತನ್ನ ಧರ್ಮವನ್ನು ತೊರೆದು ಆ ನಾಡಿನವಳಾಗುವುದಿಲ್ಲ. ದುಡಿದು, ಸಾಲ ತೀರಿಸಿ, ಮಕ್ಕಳನ್ನು ಸಲಹಿ ಆ ನಾಡಿನವಳಾಗುತ್ತಾಳೆ. ಬೆರೆಯುವುದೆಂದರೆ ಕರಗಿಹೋಗುವುದಲ್ಲ ಎಂಬುದನ್ನು ಉಪದೇಶವಿಲ್ಲದೆ ತೋರಿಸಿರುವುದೇ ಈ ಕೃತಿಯ ಗಟ್ಟಿ ಗುಣ.