ಜೋಡಿ ಮದ್ದಿನ ಹಿರಿಮೆ ಎಷ್ಟರದು?

ಹಬ್ಬಿದ ಮೆಲನೋಮಕ್ಕೆ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಇಪಿಲಿಮುಮ್ಯಾಬ್–ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಮದ್ದುಗಳ ಜೋಡಿಯೇ ಸರಿ ಎಂಬ ಕೀರ್ತಿ ಮುಖ್ಯವಾಗಿ ಚೆಕ್‌ಮೇಟ್ 067 ಎಂಬ ಪ್ರಯೋಗದಿಂದ ಬಂದದ್ದು. ಎಪ್ಪತ್ತೈದು ದಾಟಿದವರ ಮೇಲೂ ಈ ಕೀರ್ತಿಯನ್ನು ಹಾಗೇ ಹೇರುವುದಕ್ಕೆ ನನ್ನ ತಕರಾರಿದೆ.

2024ರಲ್ಲಿ ಹತ್ತು ವರ್ಷಗಳ ಫಲಿತಾಂಶ ಬಂತು. ಎಲ್ಲರೂ ಎತ್ತಿ ಆಡಿದ್ದು ಎರಡು ಅಂಕಿಗಳನ್ನು: ಮಧ್ಯಕ ಬದುಕುಳಿವು ಜೋಡಿಯಲ್ಲಿ 71.9 ತಿಂಗಳು, ನಿವೊಲುಮ್ಯಾಬ್ ಒಂದರಲ್ಲೇ 36.9. ಹೆಚ್ಚುಕಡಿಮೆ ಇಮ್ಮಡಿ! ಅದೇ ವರದಿಯಲ್ಲಿ ಹತ್ತು ವರ್ಷ ಬದುಕಿದವರ ಪ್ರಮಾಣ ನೋಡಿ: ಶೇ 43, ಶೇ 37. ಮೂರನೇ ವರ್ಷದ ಲೆಕ್ಕ ಶೇ 58, ಶೇ 52. ಆಗಲೂ ಆರು, ಈಗಲೂ ಆರು. ಹಾಗಾದರೆ ಇಮ್ಮಡಿ ಎಲ್ಲಿಂದ ಬಂತು? ಮಧ್ಯಕವೆಂದರೆ ಅರ್ಧದಷ್ಟು ರೋಗಿಗಳು ತೀರಿಕೊಂಡಿರುವ ಹೊತ್ತು. ಬದುಕುಳಿವಿನ ಗೆರೆ ಮೊದಮೊದಲು ಕಡಿದಾಗಿ ಇಳಿದು, ಶೇ 50ರ ಆಸುಪಾಸಿಗೆ ಬಂದಾಗ ನಿಧಾನವಾಗುತ್ತದೆ. ಅಲ್ಲಿ ಒಂದು ಗೆರೆ ತುಸು ಮೇಲಿದ್ದರೂ ಸಾಕು, ಅರ್ಧದ ಗಡಿ ದಾಟುವ ತಿಂಗಳು ವರ್ಷಗಟ್ಟಲೆ ಮುಂದಕ್ಕೆ ಸರಿಯುತ್ತದೆ. ಅಂದರೆ ಇಮ್ಮಡಿಯಾದದ್ದು ಗೆರೆಯ ಆಕಾರದಿಂದ. ಮೇಲಾಗಿ, ಜೋಡಿಯನ್ನೂ ಒಂಟಿಯನ್ನೂ ಪರಸ್ಪರ ತೂಗಲೆಂದು ಪ್ರಯೋಗವನ್ನು ರೂಪಿಸಿರಲೇ ಇಲ್ಲ; ಎರಡನ್ನೂ ಇಪಿಲಿಮುಮ್ಯಾಬ್ ಒಂದರ ಎದುರು ನಿಲ್ಲಿಸಲಾಗಿತ್ತು.

ಈ ಆರಕ್ಕೆ ತೆರುವ ಬೆಲೆ? 2015ರ ಮೊದಲ ವರದಿಯಲ್ಲೇ ಮದ್ದಿನಿಂದಾದ ತೀವ್ರ ಅಡ್ಡಪರಿಣಾಮ ಜೋಡಿಯಲ್ಲಿ ಶೇ 55, ನಿವೊಲುಮ್ಯಾಬ್‌ನಲ್ಲಿ ಶೇ 16. ಅವುಗಳಲ್ಲೊಂದಾದ ಕರುಳಿನ ಉರಿಯೂತ ಜೋರಾದರೆ ಸ್ಟೆರಾಯ್ಡ್ ಕೊಡಬೇಕು. ಸಕ್ಕರೆ ಕಾಯಿಲೆಯಿರುವ, ಮೂಳೆ ಸವೆದ ಎಂಬತ್ತರ ದೇಹಕ್ಕೆ ಅದೇ ಇನ್ನೊಂದು ಕಾಯಿಲೆ.

ವಯಸ್ಸು ಅಡ್ಡಿಯಾಗಬಾರದು ಎನ್ನುವ ಪಂಡಿತರಿದ್ದಾರೆ. ಒಪ್ಪಿದೆ. ಮುದುಕರಿಗೆ ಇದೆಲ್ಲ ಯಾಕೆ ಎಂದು ಕೈಚೆಲ್ಲುವವರಿಗಿಂತ ಇವರು ಎಷ್ಟೋ ಮೇಲು. ಆದರೆ ಇವರು ತೋರಿಸುವ ಪ್ರಯೋಗದ ಹಿರಿಯರು ಓಡಾಡಿಕೊಂಡಿದ್ದ ಗಟ್ಟಿಗರು. ಕೋಲೂರಿಕೊಂಡು ಹೊರರೋಗಿ ವಿಭಾಗಕ್ಕೆ ಬರುವವರು ಅಲ್ಲಿಗೆ ಸೇರ್ಪಡೆಯಾಗುವಂತೆಯೇ ಇರಲಿಲ್ಲ. ಇವರ ಇನ್ನೊಂದು ನೆಚ್ಚಿನ ಸಾಕ್ಷಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. 2015ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಮೆದುಳಿಗೆ ಹಬ್ಬಿದ್ದ ಮೆಲನೋಮಕ್ಕೆ ಚಿಕಿತ್ಸೆ ಪಡೆದು ನೂರು ತುಂಬಿಸಿ ತೀರಿಕೊಂಡರು. ಅವರಿಗೆ ಕೊಟ್ಟದ್ದು ಪೆಂಬ್ರೊಲಿಜುಮ್ಯಾಬ್ ಎಂಬ ಒಂಟಿ ಮದ್ದು. ಯಕೃತ್ತಿಗೆ ಶಸ್ತ್ರಚಿಕಿತ್ಸೆ, ಮೆದುಳಿಗೆ ವಿಕಿರಣವೂ ಆಗಿತ್ತು. ಜೋಡಿಯ ವಕೀಲರು ಈ ಸಾಕ್ಷಿಯನ್ನು ಕರೆಯದಿರುವುದೇ ಕ್ಷೇಮ.

ಮೆದುಳಿಗೆ ಹಬ್ಬಿದ, ಇನ್ನೂ ಗಟ್ಟಿಯಾಗಿರುವ ರೋಗಿಗೆ ಜೋಡಿಯ ಪರವಾದ ವಾದ ಬಲವಾಗಿದೆ, ನಿಜ. ಉಳಿದ ಹಿರಿಯರಿಗೆ ಒಂಟಿ ಮದ್ದೇ ಮೊದಲ ಆಯ್ಕೆಯಾಗಬೇಕು. ನಿಮ್ಮ ಮನೆಯ ಹಿರಿಯರಿಗೆ ಜೋಡಿ ಸೂಚಿಸಿದರೆ ತಿಂಗಳ ಲೆಕ್ಕ ಪಕ್ಕಕ್ಕಿಟ್ಟು, ನೂರರಲ್ಲಿ ಎಷ್ಟು ಜನ ಹೆಚ್ಚು ಬದುಕುತ್ತಾರೆ, ಎಷ್ಟು ಜನ ಹೆಚ್ಚು ನರಳುತ್ತಾರೆ ಎಂದು ಕೇಳಿ.